1993ರ ಕಪ್ ಯಾರ ಮನೆಯದು? ವರ್ಥಿಂಗ್ ಬ್ಯಾಸ್ಕೆಟ್‌ಬಾಲ್ ಬಗ್ಗೆ ಒಂದು ತಕರಾರು

ರಸಪ್ರಶ್ನೆ ನಡೆಸಿದವನು

ಕಳೆದ ಭಾನುವಾರ ನಮ್ಮ ಕನ್ನಡ ಸಂಘದ ರಸಪ್ರಶ್ನೆಯಲ್ಲಿ ನಾನು ಕೇಳಿದ ಒಂದು ಪ್ರಶ್ನೆಯ ಜಗಳ ಊಟದ ಪಂಕ್ತಿಯವರೆಗೂ ಬಂತು. ಪ್ರಶ್ನೆ ಇಷ್ಟೇ: 1993ರಲ್ಲಿ ಬ್ರಿಟನ್ನಿನ ಬ್ಯಾಸ್ಕೆಟ್‌ಬಾಲ್ ಲೀಗ್ ಗೆದ್ದ ವರ್ಥಿಂಗ್ ಪಟ್ಟಣದ ಕ್ಲಬ್ಬಿನ ಈಗಿನ ಹೆಸರೇನು? ಪಂಪ ತಂಡ "ವರ್ಥಿಂಗ್ ಥಂಡರ್" ಎಂದಿತು. ಹತ್ತು ಅಂಕ ಕೊಟ್ಟೆ. ರನ್ನ ತಂಡದವರು ಎದ್ದು ನಿಂತು, "ಆ ಕ್ಲಬ್ ಈಗ ಇಲ್ಲವೇ ಇಲ್ಲ, ಪ್ರಶ್ನೆಯೇ ತಪ್ಪು" ಎಂದರು. ಪಂಪ ಗೆದ್ದದ್ದು ಐದೇ ಅಂಕಗಳಿಂದ. ತಿಳಿದವರು ದಯವಿಟ್ಟು ತೀರ್ಮಾನ ಹೇಳಿ, ನನ್ನ ಫೋನ್ ಸುಮ್ಮನಿರುವುದಿಲ್ಲ.

ರನ್ನನ ಕಡೆಯವಳು

ಎದ್ದು ನಿಂತವಳು ನಾನೇ. ಅಂದು ಅರ್ಧ ವಾಕ್ಯ ಹೇಳುವಷ್ಟರಲ್ಲಿ ಪಂಪನವರು ಚಪ್ಪಾಳೆ ತಟ್ಟಿಬಿಟ್ಟರು. ಇಲ್ಲಿ ಪೂರ್ತಿ ಹೇಳುತ್ತೇನೆ.

1993ರಲ್ಲಿ ಗೆದ್ದದ್ದು ವರ್ಥಿಂಗ್ ಬೇರ್ಸ್. ಅದು ಆ ವರ್ಷ ಲೀಗನ್ನೂ, ಲೀಗ್ ಮುಗಿದ ಮೇಲೆ ಮೇಲಿನ ತಂಡಗಳ ನಡುವೆ ನಡೆಯುವ ಪ್ಲೇ-ಆಫ್ ಪ್ರಶಸ್ತಿಯನ್ನೂ ಗೆದ್ದಿತು. 1994 ಮತ್ತು 1995ರಲ್ಲಿ ಪ್ಲೇ-ಆಫ್ ಮತ್ತೆ ಅದರದೇ. 1995ರಲ್ಲಿ ಲೀಗ್ ಗೆದ್ದದ್ದು ಶೆಫೀಲ್ಡ್, ಆದರೂ ಕೊನೆಯ ದಿನದ ಕಪ್ ವರ್ಥಿಂಗಿಗೇ ಬಂತು. ಅಲ್ಲಿಯವರೆಗೆ ತಕರಾರಿಲ್ಲ. 1999ರಲ್ಲಿ ಬೇರ್ಸ್ ಕ್ಲಬ್ ಗಂಟುಮೂಟೆ ಕಟ್ಟಿಕೊಂಡು ಪಕ್ಕದ ಬ್ರೈಟನ್‌ಗೆ ಹೋಯಿತು. ಹೆಸರು ಬ್ರೈಟನ್ ಬೇರ್ಸ್ ಎಂದಾಯಿತು, ಅದೇ ಹೆಸರಿನಲ್ಲಿ 2004ರಲ್ಲಿ ಇನ್ನೊಂದು ಲೀಗ್ ಗೆದ್ದಿತು, 2006ರಲ್ಲಿ ಬಾಗಿಲು ಹಾಕಿತು. ವರ್ಥಿಂಗಿನಲ್ಲಿ 1999ರಲ್ಲಿ ಹೊಸದಾಗಿ ಹುಟ್ಟಿದ್ದು ವರ್ಥಿಂಗ್ ರೆಬೆಲ್ಸ್. ಅದೇ ಮುಂದೆ ಥಂಡರ್ ಆಯಿತು. ಹೊಸ ಕ್ಲಬ್, ಹೊಸ ನೋಂದಣಿ, ಕೆಳಗಿನ ಲೀಗಿನಿಂದ ಶುರು. ಅತ್ತಿಗೆ ಊರು ಬಿಟ್ಟು ಹೋದ ಮೇಲೆ ಅದೇ ಮನೆಗೆ ಬಂದ ಬಾಡಿಗೆಯವರಿಗೆ ಅತ್ತಿಗೆಯ ಒಡವೆ ಸೇರುತ್ತದೆಯೇ?

ಕಡಲಂಚಿನವನು

ರನ್ನನ ಕಡೆಯವರೇ, ಕಾಗದದಲ್ಲಿ ನೀವು ಹೇಳಿದ್ದೆಲ್ಲ ಸರಿ. ಆದರೆ ಆಟ ನಡೆಯುವ ವರ್ಥಿಂಗಿನ ಸಭಾಂಗಣಕ್ಕೆ ಒಮ್ಮೆ ಬಂದು ನೋಡಿ ಎನ್ನುತ್ತೇನೆ. ನಾನು ಹನ್ನೊಂದು ವರ್ಷದಿಂದ ಈ ಕಡೆ ಇದ್ದೇನೆ. ಬ್ರೈಟನ್‌ನಿಂದ ರೈಲು ಹತ್ತಿ, ವರ್ಥಿಂಗ್ ದಾಟಿ, ಡರಿಂಗ್‌ಟನ್-ಆನ್-ಸೀ ಎಂಬ ಸಣ್ಣ ನಿಲ್ದಾಣದಲ್ಲಿ ಇಳಿದರೆ ಲೆಶರ್ ಸೆಂಟರಿಗೆ ನಡೆದೇ ಹೋಗಬಹುದು. ಬೇರ್ಸ್ ಆಡಿದ್ದು ಅಲ್ಲೇ, ಥಂಡರ್ ಆಡುವುದೂ ಅಲ್ಲೇ.

ನೆಲದ ಮೇಲೆ ಎಷ್ಟು ಬಣ್ಣದ ಗೆರೆಗಳಿವೆ ಎಂದರೆ ಮೊದಲ ದಿನ ನನಗೆ ತಲೆ ತಿರುಗಿತು. ಬ್ಯಾಡ್ಮಿಂಟನ್‌ಗೊಂದು, ನೆಟ್‌ಬಾಲಿಗೊಂದು, ಒಳಾಂಗಣ ಫುಟ್‌ಬಾಲಿಗೊಂದು, ಅವುಗಳ ನಡುವೆ ಬ್ಯಾಸ್ಕೆಟ್‌ಬಾಲಿನದು. ಪಂದ್ಯಕ್ಕೆ ಒಂದು ಗಂಟೆ ಮೊದಲು ಸ್ವಯಂಸೇವಕರು ಗೋಡೆಯೊಳಗಿಂದ ಮೆಟ್ಟಿಲ ಆಸನಗಳನ್ನು ಗಡಗಡ ಎಳೆಯುತ್ತಾರೆ. ಆಟಗಾರ ಬಿದ್ದ ಕೂಡಲೇ ಹತ್ತು ಹನ್ನೆರಡು ವರ್ಷದ ಹುಡುಗನೊಬ್ಬ ಟವೆಲ್ ಹಿಡಿದು ಓಡಿ ಬೆವರು ಒರೆಸಿ ವಾಪಸ್ ಓಡುತ್ತಾನೆ. ಒಂದು ಸಲ ನನ್ನ ಪಕ್ಕ ಕುಳಿತಿದ್ದ ಅಜ್ಜಿ 1993ರ ಆಟಗಳ ಕಥೆಯನ್ನು ಹಿಂದಿನ ವಾರ ನಡೆದಂತೆ ಹೇಳಿದರು. ಬೇರ್ಸ್ ಬ್ರೈಟನ್‌ಗೆ ಹೋದಾಗ ಅವರು ಒಂದೇ ಒಂದು ಸಲ ಅಲ್ಲಿಗೆ ಹೋಗಿ, "ಚಹಾ ಚೆನ್ನಾಗಿರಲಿಲ್ಲ" ಎಂದು ಬಿಟ್ಟುಬಿಟ್ಟರಂತೆ. ಕಾಲಿನ್ ಐರಿಷ್, ಅಲನ್ ಕನ್ನಿಂಗ್‌ಹ್ಯಾಮ್ ಎಂಬ ಹೆಸರುಗಳನ್ನು ನಾನು ಕೇಳಿದ್ದು ಅವರ ಬಾಯಲ್ಲೇ. ಆ ಅಜ್ಜಿಗೆ ಆ ಕಪ್ ಯಾರದು ಎಂದು ನೀವೇ ಹೇಳಿ ಬನ್ನಿ. ನನಗೆ ಧೈರ್ಯವಿಲ್ಲ.

ಲೆಕ್ಕಪತ್ರ

ಅಜ್ಜಿಯನ್ನು ಸಾಕ್ಷಿಗೆ ತಂದರೆ ನ್ಯಾಯಾಧೀಶರೂ ಕರಗುತ್ತಾರೆ. ಆದರೆ ಇದರ ಬೇರು ಹಣದಲ್ಲಿದೆ. ಇಂಗ್ಲೆಂಡಿನ ಫುಟ್‌ಬಾಲ್ ಕ್ಲಬ್ಬಿಗೆ ಸಾಮಾನ್ಯವಾಗಿ ತನ್ನದೇ ಮೈದಾನವಿರುತ್ತದೆ. ಬ್ಯಾಸ್ಕೆಟ್‌ಬಾಲ್ ಕ್ಲಬ್ಬಿಗೆ ಇರುವುದು ಸ್ಥಳೀಯ ಆಡಳಿತದ ಸಭಾಂಗಣದಲ್ಲಿ ಶನಿವಾರ ಸಂಜೆಯ ಕೆಲವು ಗಂಟೆಗಳ ಬಾಡಿಗೆ. ಬೇರೂರಲು ನೆಲವೇ ಇಲ್ಲದ ಗಿಡವನ್ನು ಯಾರು ಬೇಕಾದರೂ ಕುಂಡ ಸಮೇತ ಎತ್ತಿಕೊಂಡು ಹೋಗಬಹುದು. 1987ರಲ್ಲಿ ಶುರುವಾದ ಬ್ರಿಟಿಷ್ ಬ್ಯಾಸ್ಕೆಟ್‌ಬಾಲ್ ಲೀಗಿನಲ್ಲಿ, ಅಂದರೆ ಬಿಬಿಎಲ್‌ನಲ್ಲಿ, ಫುಟ್‌ಬಾಲಿನಂತೆ ಗೆದ್ದು ಮೇಲೇರುವ, ಸೋತು ಕೆಳಗಿಳಿಯುವ ಪದ್ಧತಿ ಉಳಿಯಲಿಲ್ಲ. ಕೊನೆಗೆ ಉಳಿದದ್ದು ಫ್ರಾಂಚೈಸಿ. ಕೈಯಲ್ಲಿ ಪರವಾನಗಿ ಇದ್ದರೆ ನೀವು ಕ್ಲಬ್, ಇಲ್ಲದಿದ್ದರೆ ಇಲ್ಲ.

ಎಷ್ಟು ಉದಾಹರಣೆ ಬೇಕು? ಮ್ಯಾಂಚೆಸ್ಟರ್ ಯುನೈಟೆಡ್ ಬ್ಯಾಸ್ಕೆಟ್‌ಬಾಲ್ ತಂಡವನ್ನು ನಡೆಸಿ 1986ರಲ್ಲಿ ಲೀಗ್ ಗೆದ್ದದ್ದು ಎಷ್ಟು ಜನರಿಗೆ ಗೊತ್ತು? 1988ರಲ್ಲಿ ಗೆದ್ದ ಪೋರ್ಟ್ಸ್‌ಮತ್ ತಂಡವೂ ಫುಟ್‌ಬಾಲ್ ಕ್ಲಬ್ಬಿನದೇ. ಇಬ್ಬರೂ ಬೇಗ ಕೈತೊಳೆದುಕೊಂಡರು. ವರ್ಥಿಂಗ್‌ಗಿಂತ ಮೊದಲು ಲೀಗನ್ನು ಆಳುತ್ತಿದ್ದ ಕಿಂಗ್‌ಸ್ಟನ್ 1992ರಲ್ಲಿ ಗಿಲ್ಡ್‌ಫರ್ಡಿಗೆ ಹೋಯಿತು. ಈಗಿನ ಲಂಡನ್ ಲಯನ್ಸ್ ಹುಟ್ಟಿದ್ದು 1977ರಲ್ಲಿ ಹೆಮೆಲ್ ಹೆಂಪ್‌ಸ್ಟೆಡ್‌ನಲ್ಲಿ. ಆಮೇಲೆ ವಾಟ್‌ಫರ್ಡ್, 1998ರಲ್ಲಿ ಮಿಲ್ಟನ್ ಕೀನ್ಸ್, ಅಲ್ಲಿ ಸಭಾಂಗಣ ಸಿಗದೆ 2012ರಲ್ಲಿ ಲಂಡನ್. ಅದರ ಇತಿಹಾಸ ಯಾವ ಊರಿನದು? ಪರವಾನಗಿಯ ಜೊತೆ ಕಪ್ ಹೋಗುತ್ತದೆ ಎಂಬ ಒಂದೇ ಅಳತೆಗೋಲು ಇಲ್ಲಿ ಕೆಲಸಕ್ಕೆ ಬರುವುದು. ಆ ಲೆಕ್ಕದಲ್ಲಿ ರನ್ನ ತಂಡದ ವಾದ ಸರಿ.

ಮೇಳದ ಮಾಣಿ

ನಮ್ಮ ಕರಾವಳಿಯಲ್ಲಿ ಇದಕ್ಕೆ ಬೇರೆ ಲೆಕ್ಕವಿದೆ. ಯಕ್ಷಗಾನ ಮೇಳದ ಯಜಮಾನಿಕೆ ಕೈ ಬದಲಾಗುತ್ತದೆ. ಪತ್ತನಾಜೆ, ಅಂದರೆ ವರ್ಷದ ತಿರುಗಾಟ ಮುಗಿಯುವ ದಿನ, ಕಳೆದು ಗೆಜ್ಜೆ ಬಿಚ್ಚಿದ ಮೇಲೆ ಕಲಾವಿದರು ಬೇರೆ ಮೇಳಕ್ಕೆ ಹೋಗುತ್ತಾರೆ. ಭಾಗವತರೂ ಹೋಗುತ್ತಾರೆ. ಆದರೆ ಮೇಳದ ಹೆಸರು ಯಾವ ದೇವಸ್ಥಾನದ್ದೋ ಅಲ್ಲಿಯೇ ಇರುತ್ತದೆ. ಐವತ್ತು ವರ್ಷ ಹಿಂದಿನ ಆಟದ ಕೀರ್ತಿಯೂ ಆ ಹೆಸರಿಗೇ ಸೇರುತ್ತದೆ.

ಲೆಕ್ಕಪತ್ರ

ಮಾಣಿಯವರೇ, ಚೆನ್ನಾಗಿ ಹೇಳಿದಿರಿ, ಆದರೆ ನಿಮ್ಮ ಮಾತು ನನ್ನ ಪರವಾಗಿಯೇ ಇದೆ. ಅಲ್ಲಿ ದೇವಸ್ಥಾನವಿದೆ. ಇಲ್ಲಿ ದೇವಸ್ಥಾನದ ಜಾಗದಲ್ಲಿರುವುದು ಸೋಮವಾರ ಬ್ಯಾಡ್ಮಿಂಟನ್ನಿಗೆ ಬಿಟ್ಟುಕೊಡಬೇಕಾದ ಒಂದು ಬಾಡಿಗೆ ಕೋಣೆ.

ಹಳೆಯ ಪಾಯಿಂಟ್ ಗಾರ್ಡ್

ಕಪ್ ವಿಷಯ ಬಿಡಿ. ವರ್ಥಿಂಗ್–ಬ್ರೈಟನ್ ಕಥೆಯಲ್ಲಿ ನನಗೆ ರುಚಿಸುವ ಭಾಗವನ್ನು ಯಾರೂ ಮುಟ್ಟಲಿಲ್ಲ. 2006ರ ಜನವರಿ 28. ಬ್ರೈಟನ್ ಬೇರ್ಸ್ ಪರ ಗಿಲ್ಡ್‌ಫರ್ಡ್ ಹೀಟ್ ವಿರುದ್ಧ ಕಣಕ್ಕಿಳಿದವರು ಡೆನಿಸ್ ರಾಡ್‌ಮನ್! ಅಮೆರಿಕದ ದೊಡ್ಡ ಲೀಗ್ ಎನ್‌ಬಿಎಯಲ್ಲಿ ಐದು ಸಲ ಚಾಂಪಿಯನ್, ಶಿಕಾಗೊದಲ್ಲಿ ಮೈಕಲ್ ಜೋರ್ಡನ್ ಜೊತೆ ಆಡಿದವರು. ಅದೇ ತಿಂಗಳು ಬ್ರಿಟನ್ನಿನ ಟಿವಿ ರಿಯಾಲಿಟಿ ಶೋ ಸೆಲೆಬ್ರಿಟಿ ಬಿಗ್ ಬ್ರದರ್ ಮನೆಯಿಂದ ಹೊರಬಂದಿದ್ದರು. ಒಂದು ಪಂದ್ಯಕ್ಕೆಂದು ಬಂದವರು ಮೂರು ಪಂದ್ಯ ಆಡಿದರು.

ಆದರೆ ಅಂದು ಎಲ್ಲರ ಕಣ್ಣು ರಾಡ್‌ಮನ್ ಕೂದಲಿನ ಮೇಲಿದ್ದಾಗ ಪಕ್ಕದಲ್ಲಿ ನಿಂತು ತಂಡ ನಡೆಸುತ್ತಿದ್ದ ತರಬೇತುದಾರರನ್ನು ಯಾರೂ ಲೆಕ್ಕಕ್ಕೆ ಇಟ್ಟುಕೊಂಡಿರಲಾರರು. ಅವರು ನಿಕ್ ನರ್ಸ್. ಅಮೆರಿಕದ ಅಯೋವಾದವರು. 1990ರಲ್ಲಿ, ಇನ್ನೂ ಇಪ್ಪತ್ತಮೂರು ವಯಸ್ಸಿನಲ್ಲಿ, ಡರ್ಬಿಗೆ ಆಟಗಾರ ಮತ್ತು ತರಬೇತುದಾರನಾಗಿ ಬಂದರು. 1996ರಲ್ಲಿ ಬರ್ಮಿಂಗ್‌ಹ್ಯಾಮ್ ಬುಲೆಟ್ಸ್ ತಂಡಕ್ಕೆ ಪ್ಲೇ-ಆಫ್ ಗೆಲ್ಲಿಸಿದರು, ಆಮೇಲೆ ಮ್ಯಾಂಚೆಸ್ಟರ್, ಲಂಡನ್, ಕೊನೆಗೆ 2001ರಿಂದ ಬ್ರೈಟನ್. ಬ್ರೈಟನ್‌ನಲ್ಲಿ ಕ್ಲಬ್ಬಿನ ಮಾಲೀಕತ್ವವೂ ಅವರ ಹೆಗಲಿಗೆ ಬಿದ್ದಿತ್ತು. 2019ರಲ್ಲಿ ಟೊರಾಂಟೊ ರ‍್ಯಾಪ್ಟರ್ಸ್ ಎನ್‌ಬಿಎ ಗೆದ್ದಾಗ ತರಬೇತುದಾರ ಅದೇ ಮನುಷ್ಯ. ತಾವೇ ಸಂಬಳ ಕೊಡಬೇಕಾದ ಆಟಗಾರನನ್ನು ತಾವೇ ಬೆಂಚಿನಲ್ಲಿ ಕೂರಿಸುವ ಕಷ್ಟ ಕಂಡವರಿಗೆ ಎನ್‌ಬಿಎ ಏನು ಮಹಾ!

ಕಡಲಂಚಿನವನು

ಗಾರ್ಡ್ ಅವರೇ, ಕಥೆ ಚಂದ. ಅದರ ಮುಂದಿನ ಪುಟವನ್ನೂ ಓದಿ. ರಾಡ್‌ಮನ್ ಬಂದ ವರ್ಷವೇ ಬ್ರೈಟನ್ ಬೇರ್ಸ್ ಲೀಗಿನಿಂದ ಹೊರಬಂತು. ದೊಡ್ಡ ಊರು, ರಾಜಕೀಯ ಪಕ್ಷಗಳ ಸಮ್ಮೇಳನ ನಡೆಯುವ ಬ್ರೈಟನ್ ಸೆಂಟರ್, ಜಗತ್ಪ್ರಸಿದ್ಧ ಆಟಗಾರ, ಎಲ್ಲ ಇದ್ದೂ ಉಳಿಯಲಿಲ್ಲ. ಸಮುದ್ರದ ಎದುರಿನ ಆ ಸಭಾಂಗಣದಲ್ಲಿ ಬೇರೆ ಕಾರ್ಯಕ್ರಮ ಇದ್ದಾಗ ಬರ್ಜೆಸ್ ಹಿಲ್‌ಗೆ ಹೋಗಿ ಆಡಬೇಕಿತ್ತು. ಇತ್ತ ವರ್ಥಿಂಗಿನವರು ಅದೇ ಹಳೆಯ ನೆಲದ ಮೇಲೆ ಮಕ್ಕಳ ತಂಡಗಳನ್ನು ಕಟ್ಟುತ್ತಾ ಇದ್ದರು.

ಹಳೆಯ ಪಾಯಿಂಟ್ ಗಾರ್ಡ್

ಕಟ್ಟುತ್ತಾ ಇದ್ದವರು 2008ರಲ್ಲಿ ಬಿಬಿಎಲ್‌ಗೆ ಹಾರಿದರಲ್ಲ! ಮೂರು ವರ್ಷ ಆಡಿ 2011ರಲ್ಲಿ ಇಳಿದು ಬಂದರು. ಅದೇ ಬೇಸಿಗೆಯಲ್ಲಿ ಎಸೆಕ್ಸ್ ಪೈರೇಟ್ಸ್ ಕೂಡ ಬಿಟ್ಟಿತು. ಅದು ದುಡುಕು ಅಲ್ಲವೇ? ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಿತ್ತು.

ಕಡಲಂಚಿನವನು

ದುಡುಕು ಎನ್ನುವುದನ್ನು ನಾನು ಒಪ್ಪುವುದಿಲ್ಲ. ಅರೆವೃತ್ತಿಪರ ಕ್ಲಬ್ ಎಂದರೆ ಏನು ಎಂದು ತಿಳಿಯದವರು ಹಾಗೆ ಹೇಳುತ್ತಾರೆ. (ನಿಮಗೆ ತಿಳಿದಿದೆ, ಗೊತ್ತು. ಬೇರೆಯವರಿಗಾಗಿ ಹೇಳುತ್ತಿದ್ದೇನೆ.) ಕಾಲೇಜು ಮುಗಿಸಿ ಬಂದ ಒಬ್ಬಿಬ್ಬರು ಅಮೆರಿಕನ್ನರಿಗೆ ವಸತಿ, ಕೈಖರ್ಚು. ಹಗಲು ಅವರು ಶಾಲೆಗಳಲ್ಲಿ ಮಕ್ಕಳಿಗೆ ಆಟ ಕಲಿಸುತ್ತಾರೆ, ಇಲ್ಲವೇ ಯಾವುದಾದರೂ ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ಓದುತ್ತಾರೆ. ಉಳಿದವರಿಗೆ ಹಗಲಿಗೆ ಬೇರೆ ಕೆಲಸವಿರುತ್ತದೆ. ಒಬ್ಬ ಆಟಗಾರ ಕಟ್ಟಡದ ಕೆಲಸದ ಬೂಟಿನಲ್ಲೇ ಬಂದು, ಸಿಮೆಂಟು ಹತ್ತಿದ ಬೆರಳುಗಳಿಗೆ ಟೇಪು ಸುತ್ತುತ್ತಿದ್ದುದನ್ನು ನಾನು ಕಂಡಿದ್ದೇನೆ. ಸ್ಕೋರ್ ಮೇಜಿನಲ್ಲಿ ಕೂರುವ ನನ್ನಂಥವರಿಗೆ ಸಂಬಳ ಎಂದರೆ ಒಂದು ಲೋಟ ಚಹಾ.

ಇಂಥ ಕ್ಲಬ್ಬಿಗೆ ಮೇಲಿನ ಲೀಗ್ ಎಂದರೆ ಹೆಚ್ಚು ವಿದೇಶಿ ಆಟಗಾರರು, ಬ್ರಿಟನ್ನಿನ ಉದ್ದಕ್ಕೂ ಪ್ರಯಾಣ. ಇಂಗ್ಲೆಂಡಿನ ದಕ್ಷಿಣ ತುದಿಯಿಂದ ನ್ಯೂಕ್ಯಾಸಲ್, ಗ್ಲಾಸ್ಗೊವರೆಗೆ ಬಸ್ಸಿನಲ್ಲಿ ಹೋಗಿ ಬರುವುದು ಏನೆಂದು ನಕ್ಷೆ ನೋಡಿ. ಮೂರು ವರ್ಷ ಅದನ್ನು ಮಾಡಿ ನೋಡಿದರು. ಆಗಲಿಲ್ಲ ಎಂದು ತಿಳಿದ ದಿನ ಕ್ಲಬ್ ಮುಚ್ಚದೆ ಕೆಳಗಿನ ರಾಷ್ಟ್ರೀಯ ಲೀಗಿಗೆ ಮರಳಿದರು. ಇಳಿಯಲು ತಿಳಿಯದೆ ಸತ್ತ ಕ್ಲಬ್ಬುಗಳ ಪಟ್ಟಿ ಬಹಳ ಉದ್ದವಿದೆ. ಮತ್ತೆ ನೋಡಿ, ಯಾವ ಮೇಲಿನ ಲೀಗಿನಿಂದ ಥಂಡರ್ ಇಳಿದು ಬಂತೋ ಆ ಬಿಬಿಎಲ್ ಪರವಾನಗಿಯನ್ನೇ 2024ರ ಜೂನ್‌ನಲ್ಲಿ ಬ್ರಿಟಿಷ್ ಬ್ಯಾಸ್ಕೆಟ್‌ಬಾಲ್ ಫೆಡರೇಶನ್ ರದ್ದು ಮಾಡಿತು. ಅದರ ಜಾಗಕ್ಕೆ ಸೂಪರ್ ಲೀಗ್ ಬಂತು. ಲೆಕ್ಕಪತ್ರದವರೇ, ಕಪ್ ಪರವಾನಗಿಯ ಜೊತೆ ಹೋಗುತ್ತದೆ ಎಂದಿರಿ. ಪರವಾನಗಿ ಕೊಟ್ಟವರೇ ಇಲ್ಲದ ಮೇಲೆ ಎಲ್ಲಿಗೆ ಹೋಗಿ ಸೇರಿತು?

ಲೆಕ್ಕಪತ್ರ

ಇದಕ್ಕೆ ನನ್ನ ಹತ್ತಿರ ಉತ್ತರವಿಲ್ಲ. ನಾಳೆ ಬರೆಯುತ್ತೇನೆ.

ರನ್ನನ ಕಡೆಯವಳು

ನಾಳೆಯವರೆಗೆ ಕಾಯುವುದು ಬೇಡ, ನನ್ನ ಹತ್ತಿರ ಇದೆ. ಕಡಲಂಚಿನವರು ಒಂದು ಸಂಗತಿಯನ್ನು ಬಿಟ್ಟು ಹೇಳಿದ್ದಾರೆ. ಬೇರ್ಸ್ ಮೊದಲು ಹುಟ್ಟಿದ್ದು ವರ್ಥಿಂಗಿನಲ್ಲಿ ಅಲ್ಲ. 1970ರ ದಶಕದಲ್ಲಿ ಅದು ಬ್ರೈಟನ್‌ನ ಕ್ಲಬ್. 1980ರ ದಶಕದಲ್ಲಿ ವರ್ಥಿಂಗಿಗೆ ಬಂತು. ಅಂದರೆ 1999ರಲ್ಲಿ ಅದು ಓಡಿಹೋಗಲಿಲ್ಲ, ತವರಿಗೆ ಮರಳಿತು! ಊರಿನ ಹಕ್ಕು ಎನ್ನುವುದಾದರೆ ಬ್ರೈಟನ್‌ನ ಅಜ್ಜಿಯೊಬ್ಬರನ್ನೂ ಹುಡುಕಿ ತರಬೇಕಾಗುತ್ತದೆ.

ಕಡಲಂಚಿನವನು

ಅದು ಸರಿ, ತಪ್ಪು ನನ್ನದು. ಆದರೂ ಕಪ್ ಬಂದದ್ದು ಈ ನೆಲದ ಮೇಲೆ ಆಡಿದ ವರ್ಷಗಳಲ್ಲಿ. ಅದನ್ನು ಬಿಟ್ಟುಕೊಡಲಾರೆ. ನಾನು ಥಂಡರ್ ಲೀಗ್ ಗೆದ್ದಿತು ಎಂದು ಹೇಳುತ್ತಿಲ್ಲ. ವರ್ಥಿಂಗ್ ಗೆದ್ದಿತು ಎನ್ನುತ್ತಿದ್ದೇನೆ. ಹೆಮೆಲ್ ಹೆಂಪ್‌ಸ್ಟೆಡ್‌ನಲ್ಲಿಯೂ ಹೀಗೆಯೇ: ಲಯನ್ಸ್ ಹೋಯಿತು, ಅದೇ ಊರಿನಲ್ಲಿ ಸ್ಟಾರ್ಮ್ ಎಂಬ ಕ್ಲಬ್ ನಿಂತಿತು. ಅಲ್ಲಿನವರು ಎರಡನ್ನೂ ನಮ್ಮದು ಎಂದರೆ ಅವರನ್ನು ಸುಳ್ಳುಗಾರರು ಎನ್ನುತ್ತೀರಾ?

ರನ್ನನ ಕಡೆಯವಳು

ಸುಳ್ಳುಗಾರರು ಎನ್ನುವುದಿಲ್ಲ. ಊರು ಗೆದ್ದಿತು ಎಂದರೆ ಒಪ್ಪುತ್ತೇನೆ. ಆದರೆ ಪ್ರಶ್ನೆಯಲ್ಲಿ ಇದ್ದದ್ದು "ಕ್ಲಬ್ಬಿನ ಈಗಿನ ಹೆಸರು". ಈಗಿನ ಹೆಸರು ಇಲ್ಲ. ಹತ್ತು ಅಂಕ ವಾಪಸ್ ತೆಗೆಯಿರಿ.

ಮೇಳದ ಮಾಣಿ

ತೆಗೆದರೆ ಪಂಪ ಐದು ಅಂಕಗಳಿಂದ ಸೋಲುತ್ತದೆ. ಇದು ಬ್ಯಾಸ್ಕೆಟ್‌ಬಾಲಿಗಿಂತ ಬಿಗಿಯಾಯಿತು.

ರಸಪ್ರಶ್ನೆ ನಡೆಸಿದವನು

ಎಲ್ಲವನ್ನೂ ಓದಿದೆ. ಪ್ರಶ್ನೆ ತಪ್ಪಾಗಿತ್ತು, ಒಪ್ಪಿದೆ. ಅಂಕ ರದ್ದು, ರನ್ನ ತಂಡ ಗೆದ್ದಿದೆ ಎಂದು ಸಂಘದ ಗುಂಪಿನಲ್ಲಿ ಇಂದು ರಾತ್ರಿ ಹಾಕುತ್ತೇನೆ. ಒಂದೇ ತೊಂದರೆ. ಬಹುಮಾನ ಒಂದು ಡಬ್ಬ ಕೋಡುಬಳೆ. ಅದನ್ನು ಪಂಪ ತಂಡದವರು ಮನೆಗೆ ಹೋಗುವ ದಾರಿಯಲ್ಲಿ, ಕಾರಿನಲ್ಲೇ ಮುಗಿಸಿದ್ದಾರೆ.

ರನ್ನನ ಕಡೆಯವಳು

ಡಬ್ಬ ಇದೆಯಲ್ಲ? ಅದನ್ನು ಕಳಿಸಲಿ. ಸ್ಟೀಲಿನದು.