ಬನ್ನೂರು ಕುರಿ: ಹುಳದ ಔಷಧಿ ಕುಡ್ಸಿದ್ರೂ ದವಡೆ ಊತ, ಇದಕ್ಕೆ ವ್ಯಾಕ್ಸಿನ್ ಇದ್ಯಾ?

ಮಳವಳ್ಳಿ ಕುರಿಮನೆ:
ನಮಸ್ಕಾರ ಎಲ್ರಿಗೂ. ನಮ್ ಕುರಿ ಮೇಯೋದು ನಾಲೆ ಬದೀಲಿ, ಮಳೆ ಶುರುವಾದ್ಮೇಲೆ ಒಂದೊಂದೇ ಸೊರಗ್ತಾವೆ, ದವಡೆ ಕೆಳಗೆ ನೀರು ತುಂಬ್ಕೊಂಡು ಜೋತಾಡ್ತದೆ, ಕಣ್ರೆಪ್ಪೆ ಬಿಡ್ಸಿ ನೋಡಿದ್ರೆ ಒಳಗೆಲ್ಲ ಬೆಳ್ಳಗೆ. ಆಲ್ಬೆಂಡಜೋಲ್ ಹೋದ ತಿಂಗ್ಳೇ ಕುಡ್ಸಿದೀನಿ, ಇಟಿ, ಪಿಪಿಆರ್ ವ್ಯಾಕ್ಸಿನೂ ಆಗಿದೆ. ಹುಳಕ್ಕೇ ಅಂತ ವ್ಯಾಕ್ಸಿನ್ ಇಲ್ವಾ ಅಣ್ಣ?

ಬನ್ನೂರ್ ರೋಡ್:
ಲಕ್ಷಣ ನೋಡಿದ್ರೆ ಹೀಮಾಂಕಸ್ ಇದ್ದಂಗಿದೆ, ನಾಲ್ಕನೇ ಹೊಟ್ಟೇಲಿ ಕೂತು ರಕ್ತ ಹೀರೋ ಹುಳ. ಇಟಿ ಕರುಳುಬೇನೆ ಬ್ಯಾಕ್ಟೀರಿಯಾಗೆ, ಪಿಪಿಆರ್ ವೈರಸ್‌ಗೆ, ಎರಡೂ ಹುಳನ ಮುಟ್ಟಲ್ಲ. ಇದಕ್ಕೇ ಅಂತ ಬಾರ್ಬರ್‌ವ್ಯಾಕ್ಸ್ ಇದೆ, ಸ್ಕಾಟ್ಲೆಂಡಿನ ಮೋರ್ಡನ್ ಸಂಸ್ಥೆಯವರ ಸಂಶೋಧನೆ, 2014ರಲ್ಲಿ ಆಸ್ಟ್ರೇಲಿಯಾದಲ್ಲಿ ಮಾರಾಟಕ್ಕೆ ಬಂತು, ನಮ್ ಕಡೆ ಅಂಗಡೀಲಿ ಸಿಗಲ್ಲ. ಹುಳದ ಕರುಳಿನ ಗೋಡೇಲಿರೋ ಪ್ರೋಟೀನ್ ತೆಗ್ದು ಕುರಿಗೆ ಚುಚ್ತಾರೆ, ಕುರಿ ಮೈಯಲ್ಲಿ ಅದಕ್ಕೆ ಆಂಟಿಬಾಡಿ ಹುಟ್ಟುತ್ತೆ, ಹುಳ ರಕ್ತ ಕುಡಿವಾಗ ಅದೂ ಒಳಗೋಗಿ ಹುಳದ ಕರುಳಿಗೇ ಅಂಟ್ಕೊಳ್ಳುತ್ತೆ, ಕುಡಿದಿದ್ದು ಅರಗಲ್ಲ, ಮೊಟ್ಟೆ ಇಡೋದು ಕಮ್ಮಿಯಾಗುತ್ತೆ. ಎಂಥಾ ಒಳ್ಳೆ ಯೋಚನೆ ನೋಡಿ.

ಮಳವಳ್ಳಿ ಕುರಿಮನೆ:
ಹಂಗಾದ್ರೆ ಒಂದ್ಸಲ ಹಾಕ್ಸಿದ್ರೆ ಸಾಕಾ? ಇಲ್ಲೇ ಯಾಕ್ ಮಾಡಲ್ಲ?

ಬನ್ನೂರ್ ರೋಡ್:
ಒಂದ್ಸಲಕ್ಕೆ ಆಗಲ್ಲ. ಆ ಪ್ರೋಟೀನ್ ಹುಳದೊಳಗೇ ಅಡಗಿರೋದ್ರಿಂದ ಮೇವಲ್ಲಿ ಎಷ್ಟ್ ಹುಳ ಸೇರಿದ್ರೂ ಕುರಿ ಮೈಗೆ ಅದ್ರ ಗುರುತು ಸಿಗಲ್ಲ, ಆಂಟಿಬಾಡಿ ಇಳೀತಾ ಹೋಗುತ್ತೆ, ಅದಕ್ಕೇ ಮೊದ್ಲು ಮೂರು ಡೋಸ್, ಆಮೇಲೆ ಹುಳದ ಕಾಲ ಮುಗಿಯೋವರ್ಗೂ 6 ವಾರಕ್ಕೊಂದು. ಬ್ಯಾಕ್ಟೀರಿಯಾ ಕೈಲಿ ಲ್ಯಾಬಲ್ಲಿ ಅದೇ ಪ್ರೋಟೀನ್ ಮಾಡ್ಸಿ ನೋಡಿದ್ರು, ಆದ್ರೆ ಆ ಪ್ರೋಟೀನ್ ಮಡಚ್ಕೊಳ್ಳೋ ರೀತಿ, ಅದ್ರ ಮೇಲಿನ ಸಕ್ಕರೆ ಅಂಶ ಹುಳದಲ್ಲಿದ್ದಂಗೆ ಬರಲ್ಲ, ಅಷ್ಟು ರಕ್ಷಣೆನೂ ಸಿಗ್ಲಿಲ್ಲ, ಹಂಗಾಗಿ ಕೊಯ್ದ ಕುರಿ ಹೊಟ್ಟೆಯಿಂದ ಹುಳನೇ ಎತ್ತಿ ತಯಾರಿಸ್ತಾರೆ. ಔಷಧಿಗೆ ಹುಳ ಬಗ್ಗದೇ ಇರೋ ಕಾಲದಲ್ಲಿ ಇದು ನಮ್ ಕುರಿಗಾರರಿಗೂ ಸಿಗ್ಲೇಬೇಕು ಅನ್ನೋದು ನನ್ ಆಸೆ.

ಈಗ ನಿಮ್ ಕೈಲಾಗೋದು ಹಿಕ್ಕೆ ಪರೀಕ್ಷೆ. ಔಷಧಿ ಕುಡ್ಸೋ ದಿನ ಒಂದಷ್ಟು ಕುರಿದು ಕೊಡಿ, 10–14 ದಿನ ಬಿಟ್ಟು ಅವೇ ಕುರಿದು ಮತ್ತೆ ಕೊಡಿ, ಹಿಕ್ಕೇಲಿರೋ ಹುಳದ ಮೊಟ್ಟೆ ಲೆಕ್ಕ ಶೇ. 95ರಷ್ಟು ಇಳೀಲಿಲ್ಲ ಅಂದ್ರೆ ಆ ಔಷಧಿ ನಾಟ್ತಿಲ್ಲ ಅಂತ, ಡಾಕ್ಟ್ರು ಬೇರೆ ಗುಂಪಿನ ಔಷಧಿ ಬರ್ಕೊಡ್ತಾರೆ. ಕುರಿ ತೂಕ ಮಾತ್ರ ತಕ್ಕಡೀಲೇ ಹಾಕಿ, ಕಣ್ಣಂದಾಜಲ್ಲಿ ಕಮ್ಮಿ ಕುಡ್ಸಿದ್ರೆ ಗಟ್ಟಿ ಹುಳ ಉಳ್ಕೊಳ್ತವೆ.

ಮದ್ದೂರಿನ ಅಕ್ಕ:
ದವಡೆ ಊದಿರೋವು ರಿಪೋರ್ಟಿಗೆ ಕಾಯೋದ್ ಬೇಡ ತಮ್ಮ, ಇವತ್ತೇ ಪಶು ಆಸ್ಪತ್ರೆಗೆ ತೋರ್ಸು, ಗಬ್ಬದ ಕುರಿ ಇದ್ರೆ ಮೊದ್ಲೇ ಹೇಳು, ಗಬ್ಬದ ಶುರೂಲಿ ಆಲ್ಬೆಂಡಜೋಲ್ ಆಗ್ಬರಲ್ಲ.