ಎರಡು ಉಂಡೆಯಲ್ಲಿ ಸ್ವೆಟರ್ ಕತ್ತು ಹೆಣೆಯುವಾಗ ಒಂದು ಭುಜ ಮಾತ್ರ ಉದ್ದ ಬಂದಿದೆ, ಯಾಕೆ?

ಪ್ರಶ್ನೆ – ಬಳ್ಳಾರಿಯಿಂದ

ಎಲ್ಲರಿಗೂ ನಮಸ್ಕಾರ. ತಂಗಿಯ ಮಗನಿಗೆ ಸ್ವೆಟರ್ ಹೆಣೆಯುತ್ತಿದ್ದೇನೆ. ಹುಡುಗನಿಗೆ ಐದು ವರ್ಷ, ಇರುವುದು ಚಿಕ್ಕಮಗಳೂರಲ್ಲಿ. ಅಲ್ಲಿ ಆಗಲೇ ಚಳಿ ಶುರುವಾಗಿದೆ, ಅದಕ್ಕೇ ಸ್ವಲ್ಪ ಅವಸರ.

ಅಕ್ರಿಲಿಕ್ ದಾರ, 8 ನಂಬರ್ ಕಡ್ಡಿ. ಒಂದು ಸಾಲು ಸೀದಾ, ಒಂದು ಸಾಲು ಉಲ್ಟಾ, ಬೇರೆ ಡಿಸೈನ್ ಏನೂ ಇಲ್ಲ. ಹಿಂಭಾಗ ಮುಗಿದಿದೆ. ಮುಂಭಾಗದಲ್ಲಿ ಆರ್ಮ್‌ಹೋಲ್ ಆದ ಮೇಲೆ 60 ಸ್ಟಿಚ್ ಉಳಿದಿದ್ದವು. ಕತ್ತಿನ ಹತ್ತಿರ ಬಂದಾಗ ಸೀದಾ ಸಾಲಿನಲ್ಲಿ ಹಳೇ ಉಂಡೆಯಿಂದ 23 ಹೆಣೆದು ಬಿಟ್ಟೆ. ಹೊಸ ಉಂಡೆ ಸೇರಿಸಿ ನಡುವಿನ 14 ಮುಚ್ಚಿದೆ (ಒಂದರ ಮೇಲಿಂದ ಒಂದು ದಾಟಿಸಿ ಕಡ್ಡಿಯಿಂದ ಇಳಿಸಿದೆ), ಅದೇ ದಾರದಲ್ಲಿ ಉಳಿದ 23 ಹೆಣೆದೆ. ಅಲ್ಲಿಂದ ಎರಡೂ ಭಾಗ ಒಂದೇ ಕಡ್ಡಿಯ ಮೇಲೆ ಬರುತ್ತಿವೆ. ಕತ್ತಿನ ಕಡೆ ಸಾಲು ಬಿಟ್ಟು ಸಾಲಿಗೆ ಮೊದಲು 2, ಆಮೇಲೆ ನಾಲ್ಕು ಸಲ ಒಂದೊಂದು ಮುಚ್ಚಿದೆ. ಎರಡೂ ಕಡೆ 17 ಸ್ಟಿಚ್ ಸರಿಯಾಗಿ ಉಳಿದಿವೆ.

ಆದರೆ ಭುಜ ಮುಚ್ಚುವ ಮೊದಲು ಮಡಚಿ ನೋಡಿದರೆ ಹಳೇ ಉಂಡೆಯ ಭಾಗ ಮುಕ್ಕಾಲು ಸೆಂಟಿಮೀಟರ್‌ನಷ್ಟು ಉದ್ದ ಇದೆ. ಹೊಸ ಉಂಡೆಯ ದಾರ ಬಿಗಿ ಬಂದಿದೆಯಾ? ಇನ್ನೊಂದು, ಕತ್ತಿನ ಕಡೆ ಮುಚ್ಚುತ್ತಾ ಬಂದಾಗ ಆದ ಮೆಟ್ಟಿಲು ಎರಡೂ ಕಡೆ ಒಂದೇ ಎತ್ತರಕ್ಕಿಲ್ಲ. ಒಂದು ಕಡೆ ಒಂದು ಸಾಲು ಹಿಂದಿದೆ. ಅದೂ ತಪ್ಪಾ? ದಾರಗಳು ಸುತ್ತಿಕೊಳ್ಳುವುದಂತೂ ಹೇಳತೀರದು.

ಉತ್ತರ – ಕೊಪ್ಪಳದಿಂದ

ನಾನು ಎರಡು ಉಂಡೆಯ ಗೋಜಿಗೇ ಹೋಗಲ್ಲ. ಒಂದು ಭಾಗವನ್ನು ದೊಡ್ಡ ಪಿನ್ನಿಗೆ ಹಾಕಿಟ್ಟು, ಇನ್ನೊಂದನ್ನು ಭುಜದ ತನಕ ಮುಗಿಸಿ, ಆಮೇಲೆ ಪಿನ್ನಿನಲ್ಲಿರುವುದನ್ನು ತೆಗೆದುಕೊಳ್ಳುತ್ತೇನೆ. ದಾರ ಸುತ್ತಿಕೊಳ್ಳುವ ಮಾತೇ ಇಲ್ಲ. ನಿಮ್ಮ ಹೊಸ ಉಂಡೆ ಬೇರೆ ಲಾಟಿನದಾ? ದಪ್ಪದಲ್ಲಿ ಫರಕು ಇದ್ದರೂ ಹೀಗಾಗಬಹುದು.

ಉತ್ತರ – ರಾಯಚೂರಿನಿಂದ

ತಂಗೀ, ದಾರದ ಮೇಲೆ ಅನುಮಾನ ಪಡುವ ಮೊದಲು ಸಾಲು ಎಣಿಸು. ಬಿಗಿ ಹೆಣಿಗೆಯಿಂದ ಇಷ್ಟು ಚಿಕ್ಕ ಜಾಗದಲ್ಲಿ ಮುಕ್ಕಾಲು ಸೆಂಟಿಮೀಟರ್ ವ್ಯತ್ಯಾಸ ಬರುವುದು ಕಷ್ಟ. 8 ನಂಬರ್ ಕಡ್ಡಿಯಲ್ಲಿ ಎರಡು ಸಾಲು ಹೆಚ್ಚಾದರೆ ಸರಿಸುಮಾರು ಅಷ್ಟೇ ಆಗುತ್ತದೆ.

ಸೀದಾ ಕಡೆ ಮೇಲೆ ಇಟ್ಟುಕೊಂಡು, ನಡುವಿನ 14 ಮುಚ್ಚಿದ ಸಾಲನ್ನು ಒಂದು ಅಂತ ಹಿಡಿದು, ಆರ್ಮ್‌ಹೋಲ್ ಹತ್ತಿರದ ಒಂದೇ ಕಂಬದಲ್ಲಿ ಮೇಲಿನ ತನಕ ಎಣಿಸು. ಎರಡೂ ಭಾಗ ಎಣಿಸಿ ಬರೆದುಕೋ. ಆಮೇಲೆ ಎರಡೂ ಕಡೆ ಕೊನೆಯ ಸ್ಟಿಚ್ ಮುಚ್ಚಿದ ಮೇಲೆ ಎಷ್ಟು ಸಾಲಾಗಿದೆ ಅಂತಲೂ ಎಣಿಸು. ಈ ಎರಡನೇ ಲೆಕ್ಕ ಮುಖ್ಯ. ತಪ್ಪು ಎಲ್ಲಿ ಕೂತಿದೆ ಅಂತ ಹೇಳುವುದು ಅದೇ.

ಮೆಟ್ಟಿಲು ಒಂದು ಸಾಲು ಹಿಂದೆ ಮುಂದೆ ಇರುವುದು ತಪ್ಪಲ್ಲ, ಹಾಗೇ ಬರಬೇಕು. ಸ್ಟಿಚ್ ಮುಚ್ಚುವುದು ಹೆಣಿಗೆ ಶುರುವಾಗುವ ತುದಿಯಲ್ಲಿ. ಸೀದಾ ಸಾಲಿನಲ್ಲಿ ಹಳೇ ಉಂಡೆಯ ಭಾಗ ಆರ್ಮ್‌ಹೋಲಿಂದ ಶುರುವಾಗಿ ಕತ್ತಿನಲ್ಲಿ ಮುಗಿಯುತ್ತದೆ. ಹೊಸ ಉಂಡೆಯ ಭಾಗ ಕತ್ತಿನಿಂದ ಶುರುವಾಗುತ್ತದೆ. ಹಾಗಾಗಿ ಸೀದಾ ಸಾಲಿನಲ್ಲಿ ಹೊಸದರ ಕತ್ತು ಮುಚ್ಚಬಹುದು. ತಿರುಗಿಸಿ ಉಲ್ಟಾ ಸಾಲು ಬಂದಾಗ ಹಳೆಯದರ ಕತ್ತು. ಯಾವ ಸಾಲೇ ಆಗಲಿ, ನಡು ದಾಟಿದ ಮೇಲೆ ಎರಡನೆಯದಾಗಿ ಬರುವ ಭಾಗದಲ್ಲಿ ಮಾತ್ರ ಮುಚ್ಚುವುದು. ಆ ಒಂದು ಸಾಲಿನ ವ್ಯತ್ಯಾಸ ಪಟ್ಟಿ ಹೆಣೆದ ಮೇಲೆ ಕಣ್ಣಿಗೆ ಕಾಣುವುದೇ ಇಲ್ಲ.

ಪ್ರಶ್ನೆ ಕೇಳಿದವರು

ಎಣಿಸಿದೆ ಅಕ್ಕಾ. ಹಳೇ ಉಂಡೆಯ ಭಾಗ 18 ಸಾಲು, ಹೊಸದು 16. ಕೊನೆಯದಾಗಿ ಮುಚ್ಚಿದ ಮೇಲೆ ಹಳೆಯದರಲ್ಲಿ 8, ಹೊಸದರಲ್ಲಿ 5. ಉಂಡೆ ಎರಡೂ ಒಂದೇ ಲಾಟಿನದು. ಆದರೆ ಒಂದೇ ಕಡ್ಡಿಯ ಮೇಲೆ ಎರಡೂ ಇದ್ದಾಗ ಒಂದಕ್ಕೆ ಮಾತ್ರ ಸಾಲು ಜಾಸ್ತಿ ಹೇಗೆ ಆಗುತ್ತದೆ?

ರಾಯಚೂರಿನಿಂದ

ಸಾಲಿನ ನಡುವೆ ಎತ್ತಿಟ್ಟರೆ ಆಗುತ್ತದೆ. ಹಳೇ ಉಂಡೆಯ ಭಾಗ ಮುಗಿಸಿ ಕತ್ತಿಗೆ ಬಂದಿದ್ದೀಯ, ಅಷ್ಟರಲ್ಲಿ ಯಾರೋ ಕರೆದರು. ಮತ್ತೆ ಕೂತಾಗ ಹೊಸ ಉಂಡೆ ಹಿಡಿಯುವ ಬದಲು ಕಡ್ಡಿ ತಿರುಗಿಸಿ ಅದೇ ಭಾಗವನ್ನು ವಾಪಸ್ ಹೆಣೆದೆ. ಆಮೇಲೆ ಮಾಮೂಲಿನಂತೆ ಮುಂದುವರಿದೆ. ಅಲ್ಲಿಗೆ ಆ ಭಾಗಕ್ಕೆ ಎರಡು ಸಾಲು ಹೆಚ್ಚಾಯಿತು. ಸೀದಾ ಮೇಲೆ ಸೀದಾ, ಉಲ್ಟಾ ಮೇಲೆ ಉಲ್ಟಾ ಸರಿಯಾಗೇ ಬಂದಿರುತ್ತದೆ. ಡಿಸೈನ್ ಕೆಡುವುದಿಲ್ಲ, ಅದಕ್ಕೇ ಯಾರ ಕಣ್ಣಿಗೂ ಬೀಳಲ್ಲ. ಸ್ಟಿಚ್ ಎಣಿಸಿದರೂ 17 ಇರುತ್ತದೆ.

ನಿನ್ನ ಲೆಕ್ಕದ ಪ್ರಕಾರ ತಪ್ಪು ಮೇಲೇ ಇದೆ, ಬಚಾವ್. ಹಳೆಯದರಲ್ಲಿ ಒಂದು ಸಾಲು ಮೊದಲೇ ಮುಚ್ಚಿರುತ್ತೀಯ. ಅಂದರೆ ಕೊನೆಯ ಲೆಕ್ಕ 6 ಮತ್ತು 5 ಇರಬೇಕಿತ್ತು. 8 ಇದೆ. ಹೆಚ್ಚಿನ ಎರಡು ಸಾಲು ಮುಚ್ಚಿದ್ದೆಲ್ಲ ಮುಗಿದ ಮೇಲೇ ಬಂದಿವೆ. ಒಂದು ವೇಳೆ 6 ಮತ್ತು 5 ಬಂದು ಒಟ್ಟು ಮಾತ್ರ 18 ಮತ್ತು 16 ಆಗಿದ್ದಿದ್ದರೆ, ತಪ್ಪು ಕತ್ತಿನ ಇಳಿಜಾರಿನಲ್ಲೇ ಇದೆ ಅಂತ ಅರ್ಥ. ಆಗ ಅಲ್ಲಿಯ ತನಕ ಬಿಚ್ಚಬೇಕಾಗುತ್ತಿತ್ತು.

ಈಗ ಹೀಗೆ ಮಾಡು. ಉಲ್ಟಾ ಸಾಲು ಪೂರ್ತಿ ಮುಗಿಸಿಕೋ. ಹೊಸ ಉಂಡೆಯ ಭಾಗವನ್ನು ಪಿನ್ನಿಗೆ ಹಾಕು, ಅದರ ತಂಟೆಗೆ ಹೋಗಬೇಡ. ಹಳೇ ಭಾಗದ 17 ಸ್ಟಿಚ್‌ನಿಂದ ಕಡ್ಡಿ ಎಳೆದು ಎರಡೇ ಸಾಲು ಬಿಚ್ಚು. ದಾರ ಮತ್ತೆ ಆರ್ಮ್‌ಹೋಲ್ ಕಡೆಗೇ ಬಂದು ನಿಲ್ಲುತ್ತದೆ. ಎತ್ತಿಕೊಳ್ಳುವಾಗ 10 ನಂಬರ್‌ನ ಸಣ್ಣ ಕಡ್ಡಿ ಬಳಸು, ಸ್ಟಿಚ್ ಜಾರುವುದಿಲ್ಲ. ಪ್ರತಿ ಸ್ಟಿಚ್‌ನ ಬಲಗಾಲು, ಅಂದರೆ ಕುಣಿಕೆಯ ಬಲಗಡೆಯ ಎಳೆ, ಕಡ್ಡಿಯ ಮುಂದೆ ಇರಬೇಕು. ಹಿಂದೆ ಹೋದರೆ ಅದು ತಿರುಚಿಕೊಂಡು ಕೂರುತ್ತದೆ.

ಇನ್ನು ಮುಂದೆ ಹೆಣಿಗೆ ಕೈಗೆತ್ತಿಕೊಂಡ ತಕ್ಷಣ ದಾರ ಎಲ್ಲಿ ನೇತಾಡುತ್ತಿದೆ ನೋಡು. ಒಂದು ದಾರ ಆರ್ಮ್‌ಹೋಲ್ ತುದಿಯಲ್ಲಿ, ಇನ್ನೊಂದು ಕತ್ತಿನಲ್ಲಿ ಇದ್ದರೆ ಸಾಲು ಪೂರ್ತಿಯಾಗಿದೆ. ಎರಡೂ ದಾರ ಕತ್ತಿನಲ್ಲೇ ಎದುರುಬದುರು ನೇತಾಡುತ್ತಿದ್ದರೆ ಅರ್ಧ ಸಾಲು ಬಾಕಿ ಇದೆ, ತಿರುಗಿಸಬೇಡ. ಇದೊಂದು ನೋಡಿಕೊಂಡರೆ ಸಾಲಿನ ಲೆಕ್ಕ ಬರೆದಿಡುವುದೂ ಬೇಡ.

ಕೊಪ್ಪಳದವರು ಹೇಳಿದ ಪಿನ್ನಿನ ವಿಧಾನ ತಪ್ಪೇನಲ್ಲ. ಕತ್ತಿನ ಹತ್ತಿರ ದೊಡ್ಡ ಡಿಸೈನ್ ಇದ್ದರೆ ನಾನೂ ಅದನ್ನೇ ಮಾಡುತ್ತೇನೆ. ಆದರೆ ಒಂದು ಭಾಗ ಇವತ್ತು, ಇನ್ನೊಂದು ವಾರ ಬಿಟ್ಟು ಹೆಣೆದರೆ ಕೈ ಬಿಗಿ ಬೇರೆ ಬರುತ್ತದೆ. ಎಷ್ಟು ಸಾಲಿಗೆ ಎಷ್ಟು ಮುಚ್ಚಿದೆ ಅನ್ನುವುದೂ ಮರೆತುಹೋಗುತ್ತದೆ. ಸಾದಾ ಹೆಣಿಗೆಗೆ ಎರಡು ಉಂಡೆಯೇ ಸರಿ. ಎರಡೂ ಭುಜ ಜೊತೆಯಲ್ಲೇ ಬೆಳೆಯುತ್ತವೆ.

ಪ್ರಶ್ನೆ ಕೇಳಿದವರು

ಈಗ ಅರ್ಥ ಆಯಿತು ಅಕ್ಕಾ. ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ಬೆಂಗಳೂರಿಗೆ ಹೋಗುವಾಗ ಹೆಣೆಯುತ್ತಿದ್ದೆ. ಗುಂತಕಲ್ಲಿನಲ್ಲಿ ಜನ ಹತ್ತಿದರು, ಜಾಗ ಬಿಡೋಕೆ ಅಂತ ಸುತ್ತಿಟ್ಟೆ. ಅಲ್ಲೇ ಆಗಿರಬೇಕು. ಎರಡು ಸಾಲು ಬಿಚ್ಚಿ ಎತ್ತಿಕೊಂಡೆ. ಮಡಚಿ ನೋಡಿದೆ, ಎರಡೂ ಸಮ ಇವೆ! ದಾರ ಸುತ್ತಿಕೊಳ್ಳುವುದಕ್ಕೆ ಏನು ಮಾಡಲಿ?

ರಾಯಚೂರಿನಿಂದ

ಸಾಲು ಮುಗಿದಾಗ ಯಾವಾಗಲೂ ಒಂದೇ ಕಡೆಗೆ ತಿರುಗಿಸಿದರೆ ದಾರ ಹುರಿಗಟ್ಟುತ್ತದೆ. ಒಂದು ಸಾಲಿಗೆ ಬಲಕ್ಕೆ ತಿರುಗಿಸು, ಮುಂದಿನ ಸಾಲಿಗೆ ಎಡಕ್ಕೆ. ಹಾಕಿಕೊಂಡ ಸುತ್ತು ತಾನೇ ಬಿಚ್ಚುತ್ತದೆ. ಉಂಡೆಗಳನ್ನು ನಿನ್ನ ಎರಡೂ ಪಕ್ಕದಲ್ಲಿ ಬೇರೆ ಬೇರೆ ಡಬ್ಬಿಯಲ್ಲಿಡು.

ಪ್ರಶ್ನೆ – ಸಂಡೂರಿನಿಂದ

ನಡುವೆ ಬಂದಿದ್ದಕ್ಕೆ ಕ್ಷಮಿಸಿ. ನನ್ನ ಹತ್ತಿರ ಇರುವುದು ಒಂದೇ ಉಂಡೆ. ಇದೊಂದು ಕತ್ತಿಗಾಗಿ ಇನ್ನೊಂದು ಕೊಳ್ಳಬೇಕಾ? ಮತ್ತೆ, ನಡುವೆ ಮುಚ್ಚಿದ ಮೇಲೆ ನನಗೆ ಯಾವಾಗಲೂ ಒಂದು ಭಾಗದಲ್ಲಿ ಒಂದು ಸ್ಟಿಚ್ ಹೆಚ್ಚುಕಮ್ಮಿ ಬರುತ್ತದೆ.

ರಾಯಚೂರಿನಿಂದ

ಕೊಳ್ಳಬೇಡಿ. ಒಂದು ಸಾಲಿಗೆ ಅದರ ಅಗಲದ ಮೂರು-ನಾಲ್ಕು ಪಟ್ಟು ದಾರ ಹಿಡಿಯುತ್ತದೆ. ಮಗುವಿನ ಭುಜದ ಒಂದು ಭಾಗ 10 ಸೆಂ.ಮೀ. ಅಗಲ ಅಂದುಕೊಂಡರೆ ಸಾಲಿಗೆ 40 ಸೆಂ.ಮೀ. ದಾರ. 16 ಸಾಲಿಗೆ ಆರೂವರೆ ಮೀಟರ್. ನಡುವೆ ಮುಚ್ಚುವುದಕ್ಕೂ ಬಾಲಕ್ಕೂ ಸೇರಿಸಿ 10 ಮೀಟರ್ ಬಿಚ್ಚಿ ಚಿಕ್ಕ ಉಂಡೆ ಸುತ್ತಿಕೊಳ್ಳಿ, ಸಾಕು. ಅದೇ ಉಂಡೆಯ ಒಳಗಿನ ತುದಿ ಹೊರಗಿನ ತುದಿ ಎರಡೂ ಎಳೆದು ಹೆಣೆಯುವವರಿದ್ದಾರೆ. ಬೇಡ, ಗಂಟಾಗುತ್ತದೆ.

ಸ್ಟಿಚ್ ತಪ್ಪುವುದು ಹೀಗೆ. 14ನೆಯದನ್ನು ಮುಚ್ಚಬೇಕಾದರೆ 15ನೆಯದನ್ನು ಹೆಣೆದು ಅದರ ಮೇಲಿಂದ ದಾಟಿಸಬೇಕು. ಆಗ ಬಲಗಡ್ಡಿಯ ಮೇಲೆ ಒಂದು ಸ್ಟಿಚ್ ಆಗಲೇ ಬಂದಿರುತ್ತದೆ. ಅದು ಮುಂದಿನ ಭಾಗದ ಮೊದಲನೆಯದು. ಅದನ್ನು ಲೆಕ್ಕಕ್ಕೆ ಹಿಡಿದು ಇನ್ನೂ 22 ಹೆಣೆದರೆ 23 ಆಗುತ್ತದೆ. ಶುರು ಮಾಡುವಾಗಲೂ ಹೊಸ ದಾರದಲ್ಲಿ ಎರಡು ಹೆಣೆದ ಮೇಲೇ ದಾಟಿಸಿ. ಒಂದೇ ಹೆಣೆದು ದಾಟಿಸಿದರೆ ಹಳೇ ಉಂಡೆಯ ಕೊನೆಯ ಸ್ಟಿಚ್ ಹೋಗಿಬಿಡುತ್ತದೆ. ಹೊಸ ದಾರಕ್ಕೆ ಗಂಟು ಹಾಕಬೇಡಿ. 15 ಸೆಂ.ಮೀ. ಬಾಲ ಬಿಡಿ, ಆಮೇಲೆ ಸೂಜಿಯಲ್ಲಿ ಒಳಗೆ ಹೊಲಿದರೆ ಮೂಲೆಯ ತೂತೂ ಮುಚ್ಚುತ್ತದೆ.

ಪ್ರಶ್ನೆ ಕೇಳಿದವರು

ಕೊನೆಯದೊಂದು ಅಕ್ಕಾ, ಕತ್ತಿನ ಪಟ್ಟಿ. ತಲೆ ಹಿಡಿಯುತ್ತದೋ ಇಲ್ಲವೋ ಅಂತ ಹೆದರಿಕೆ.

ರಾಯಚೂರಿನಿಂದ

ಒಂದು ಭುಜ ಮಾತ್ರ ಹೊಲಿ. 10 ನಂಬರ್ ಕಡ್ಡಿಯಲ್ಲಿ ಕತ್ತಿನ ಸುತ್ತ ಸ್ಟಿಚ್ ಎತ್ತಿಕೋ. ಮುಚ್ಚಿದ ಕಡೆ ಒಂದಕ್ಕೊಂದು, ನೆಟ್ಟಗೆ ಮೇಲೆ ಹೋದ ಕಡೆ ನಾಲ್ಕು ಸಾಲಿಗೆ ಮೂರು. ಒಂದು ಸ್ಟಿಚ್ ಸೀದಾ ಒಂದು ಸ್ಟಿಚ್ ಉಲ್ಟಾ ಪಟ್ಟಿ ಹಾಕು. ಮುಚ್ಚುವಾಗ ಬಲಗೈಗೆ 8 ನಂಬರ್ ಕಡ್ಡಿ ತೆಗೆದುಕೋ, ಸಡಿಲ ಬರುತ್ತದೆ. ಐದು ವರ್ಷದ ಮಗುವಿನ ತಲೆ ಸುತ್ತಳತೆ ಸುಮಾರು 50-51 ಸೆಂ.ಮೀ. ಇರುತ್ತದೆ. ಎರಡನೇ ಭುಜ ಹೊಲಿಯುವ ಮೊದಲು ಪಟ್ಟಿಯನ್ನು ಟೇಪಿನ ಮೇಲೆ ಎಳೆದು ನೋಡು. 53 ಸೆಂ.ಮೀ. ತನಕ ಸಲೀಸಾಗಿ ಬಂದರೆ ಹೊಲಿದುಬಿಡು. ಬರದಿದ್ದರೆ ಮುಚ್ಚಿದ ಸಾಲು ಮಾತ್ರ ಬಿಚ್ಚಿ ಇನ್ನೂ ಸಡಿಲ ಮಾಡು.