ಹಾಟ್ ಟಬ್‌ನ ಫಿಲ್ಟರಲ್ಲಿ, ಪೈಪಲ್ಲಿ ಲೋಳೆ, ಎಷ್ಟು ತೊಳೆದ್ರೂ ಪುನಃ ಬರ್ತದೆ, ಎಂತ ಮಾಡುದು?

ಕಾಪು_ಹೋಂಸ್ಟೇ

ನಮಸ್ಕಾರ ಎಲ್ಲರಿಗೂ. ಕಾಪು ಹತ್ರ ನಮ್ದೊಂದು ಸಣ್ಣ ಹೋಂಸ್ಟೇ ಉಂಟು, ಮೂರು ರೂಮು, ಹಿಂದೆ ತೆಂಗಿನ ತೋಟದ ಬದಿಯಲ್ಲಿ ಐದು ಜನ ಕೂರುವ ಹಾಟ್ ಟಬ್ ಇಟ್ಟಿದ್ದೇವೆ, ಸುಮಾರು 1200 ಲೀಟರ್ ನೀರು ಹಿಡಿತದೆ. ಕಳೆದ ವರ್ಷ ಎಂತದೂ ತೊಂದರೆ ಇರ್ಲಿಲ್ಲ. ಈ ಸಲ ಮಳೆಗಾಲದಲ್ಲಿ ಗೆಸ್ಟ್ ಇಲ್ಲ ಅಂತ ಜೂನಲ್ಲಿ ನೀರು ಖಾಲಿ ಮಾಡಿ ಮುಚ್ಚಳ ಹಾಕಿ ಬಿಟ್ಟದ್ದು, ಸೆಪ್ಟೆಂಬರ್ ಕೊನೆಗೆ ತುಂಬಿಸಿ ಜೆಟ್ ಆನ್ ಮಾಡಿದ ಕೂಡ್ಲೆ ಬೂದು ಬಣ್ಣದ್ದು, ಒದ್ದೆ ಕಾಗದದ ಚೂರಿನ ಹಾಗಿದ್ದದ್ದು ತೇಲಿ ಬಂತು. ಮುಟ್ಟಿದ್ರೆ ಬೆಂಡೆಕಾಯಿ ಕೊಯ್ದ ಕೈಯ ಹಾಗೆ ಲೋಳೆ. ಫಿಲ್ಟರ್ ಎಳೆದು ನೋಡಿದ್ರೆ ಮಡಿಕೆ ಮಡಿಕೆಯ ಒಳಗೂ ಅದೇ, ಮೇಲಿಂದ ಕೆಸರು ವಾಸನೆ.

ನೀರು ಖಾಲಿ ಮಾಡಿ ಟಬ್ ಉಜ್ಜಿದೆ, ಫಿಲ್ಟರ್‌ಗೆ ಕಾರ್ ತೊಳೆಯುವ ಪ್ರೆಶರ್ ವಾಷರ್ ಹೊಡೆದೆ, ಪುನಃ ತುಂಬಿಸಿದೆ. ನಾಲ್ಕು ದಿನ ಚಂದ ಇತ್ತು, ಐದನೇ ದಿನ ನೊರೆ, ಆರನೇ ದಿನ ಅದೇ ಚೂರು. ಹೀಗೆ ಮೂರು ಸಲ ಆಯ್ತು. ಕ್ಲೋರಿನ್ ವಾರಕ್ಕೆ ಎರಡು ಸಲ ಹಾಕುದು, ಅಂಗಡಿಯವ್ರು ಕೊಟ್ಟ ಟಿಸಿಸಿಎ 90 ಮಾತ್ರೆ. ನೀರು ನಮ್ಮ ಬೋರಿಂದು, ಕ್ಲೋರಿನ್ ಬಿದ್ದ ಮೇಲೆ ತೆಳು ಚಾದ ಬಣ್ಣ ಬರ್ತದೆ.

ಬೇಸರ ಆದದ್ದು ಕಳೆದ ವಾರ. ಗೆಸ್ಟ್ ಒಬ್ರ ಮಗನಿಗೆ ಚಡ್ಡಿ ಇದ್ದ ಜಾಗದಲ್ಲೆಲ್ಲ ಕೆಂಪು ಗುಳ್ಳೆ ಎದ್ದಿದೆ ಅಂತ ಮರುದಿನ ಫೋನ್ ಬಂತು. ಅವತ್ತೇ ಟಬ್ ಬಂದ್ ಮಾಡಿದ್ದೇನೆ. ಸರಿ ಆಗದೆ ಯಾರನ್ನೂ ಅದ್ರಲ್ಲಿ ಕೂರಿಸುದಿಲ್ಲ. ಬಾವಿಗೆ ಹಾಕುವ ಬ್ಲೀಚಿಂಗ್ ಪೌಡರನ್ನೇ ಜಾಸ್ತಿ ಹಾಕಿ ಒಂದು ರಾತ್ರಿ ಬಿಡು ಅಂತ ಮಾವ ಹೇಳ್ತಾರೆ. ಹಾಕ್ಬಹುದಾ? ಗೊತ್ತಿದ್ದವ್ರು ದಯವಿಟ್ಟು ಹೇಳಿ.

ಸುರತ್ಕಲ್_ಪಂಪ್‌ರೂಮ್

ಮೊದ್ಲು ಒಂದು ಮಾತು, ಬ್ಲೀಚಿಂಗ್ ಪೌಡರ್ ಮತ್ತೆ ಟಿಸಿಸಿಎ ಎರಡನ್ನು ಯಾವತ್ತೂ ಒಂದೇ ಬಕೆಟಲ್ಲಿ, ಒಂದೇ ಡಬ್ಬಿಯಲ್ಲಿ, ಒಂದೇ ಚಮಚದಲ್ಲಿ ಸೇರಿಸ್ಬೇಡಿ. ಎರಡೂ ಕ್ಲೋರಿನ್ನೇ ಅಲ್ವಾ ಅಂತ ಕಾಣ್ತದೆ, ಆದ್ರೆ ಸ್ವಲ್ಪ ಪಸೆ ತಾಗಿದ್ರೂ ಬೆಂಕಿ ಹಿಡಿದು ಸಿಡಿಯುವಂಥದ್ದು ಅದು. ಮಾವನಿಗೂ ಹೇಳಿ. ಬ್ಲೀಚಿಂಗ್ ಪೌಡರ್ ಬಾವಿಗೆ ಸರಿ, ಅದ್ರ ಸುಣ್ಣ ಬಾವಿಯಲ್ಲಿ ತಳಕ್ಕೆ ಹೋಗ್ತದೆ, ಟಬ್‌ನಲ್ಲಿ ಅದೇ ಸುಣ್ಣ ಜೆಟ್ಟಲ್ಲೂ ಹೀಟರಲ್ಲೂ ಕೂತ್ಕೊಳ್ತದೆ.

ಇನ್ನು ನಿಮ್ಮ ಲೋಳೆ. ನಾನು ಹೋಟೆಲ್‌ಗಳ ಪೂಲ್, ಸ್ಪಾ ಮೆಂಟೆನೆನ್ಸಲ್ಲಿ 14 ವರ್ಷದಿಂದ ಇದ್ದೇನೆ, ಹೆಚ್ಚಿನವ್ರು ಮಾಡುದು ನೀವು ಮಾಡಿದ್ದನ್ನೇ, ಕಣ್ಣಿಗೆ ಕಾಣುವಷ್ಟು ಉಜ್ಜುದು. ನಿಮ್ಮ ಲೋಳೆ ಇರುದು ಟಬ್‌ನಲ್ಲಿ ಅಲ್ಲ, ಪೈಪಲ್ಲಿ. ನೀರು ಖಾಲಿ ಮಾಡಿದ್ರೂ ಪೈಪಿನ ಬೆಂಡುಗಳಲ್ಲಿ, ಪಂಪಿನ ಹೊಟ್ಟೆಯಲ್ಲಿ, ಬ್ಲೋವರ್‌ನ ಗಾಳಿ ಪೈಪಲ್ಲಿ ನೀರು ನಿಂತೇ ಇರ್ತದೆ, ನಮ್ಮ ಮಳೆಗಾಲದಲ್ಲಿ ಹಗ್ಗಕ್ಕೆ ಹಾಕಿದ ಬಟ್ಟೆಯೇ ಒಣಗುದಿಲ್ಲ, ಮುಚ್ಚಳ ಹಾಕಿದ ಟಬ್‌ನ ಪೈಪ್ ಒಣಗ್ತದಾ? ಮೂರು ನಾಲ್ಕು ತಿಂಗಳು ಕತ್ತಲೆ, ಪಸೆ, ಕ್ಲೋರಿನ್ ಶೂನ್ಯ. ಬ್ಯಾಕ್ಟೀರಿಯಾ ಪೈಪಿನ ಗೋಡೆಗೆ ಅಂಟಿ ತಮ್ಮ ಸುತ್ತ ಅಂಟಿನ ಪದರ ಕಟ್ಟಿಕೊಳ್ತವೆ, ಅದಕ್ಕೆ ಬಯೋಫಿಲ್ಮ್ ಅಂತಾರೆ. ನೀವು ಹಾಕಿದ ಕ್ಲೋರಿನ್ ಆ ಅಂಟಿನ ಮೇಲ್ಪದರದಲ್ಲೇ ಖರ್ಚಾಗಿ ಹೋಗ್ತದೆ, ಒಳಗಿದ್ದದ್ದಕ್ಕೆ ಎಂತದೂ ಆಗುದಿಲ್ಲ. ಹೊಸ ನೀರು ತುಂಬಿಸಿದ್ರೆ ಅದು ಪುನಃ ಹರಡ್ತದೆ ಅಷ್ಟೆ.

ಹಾಗಾಗಿ ಖಾಲಿ ಮಾಡುವ ಮೊದ್ಲೇ ಪೈಪ್ ತೊಳಿಬೇಕು. ಈಗ ಇರುವ ಹಾಳು ನೀರಲ್ಲೇ. ಪೈಪಿನ ಒಳಗಿನ ಲೋಳೆ ಬಿಡಿಸುವ ಮದ್ದು, ಸ್ಪಾ ಲೈನ್ ಫ್ಲಶ್ ಅಂತ ಆನ್‌ಲೈನಲ್ಲಿ ಸಿಗ್ತದೆ, ಫಿಲ್ಟರ್ ಹೊರಗೆ ತೆಗೆದಿಟ್ಟು ಅದನ್ನು ಡಬ್ಬಿಯಲ್ಲಿ ಹೇಳಿದಷ್ಟು ಹಾಕಿ ಎಲ್ಲ ಜೆಟ್ ತೆರೆದು, ಬ್ಲೋವರ್ ಸಹ ಆನ್ ಮಾಡಿ, ಮುಚ್ಚಳ ತೆಗೆದಿಟ್ಟು ಓಡಿಸಿ. ಜೆಟ್ಟನ್ನು ಒಂದು ಬದಿಯಿಂದ ಇನ್ನೊಂದು ಬದಿಗೆ ತಿರುಗಿಸುವ ನಾಬ್ ಇದ್ರೆ ಎರಡೂ ಬದಿಗೆ ಹೊತ್ತು ಕೊಡಿ, ಒಂದು ಬದಿ ಬಿಟ್ರೆ ಆ ಪೈಪ್ ಹಾಗೇ ಉಳಿತದೆ. ಕಂದು ನೊರೆ ಬರ್ತದೆ, ಹೆದರ್ಬೇಡಿ, ಬರ್ಲಿಕ್ಕೇ ಬೇಕು. ಅದನ್ನು ಒರೆಸಿ ತೆಗಿರಿ, ಆಮೇಲೆ ಮೆಯಿನ್ ಸ್ವಿಚ್ ಆಫ್ ಮಾಡಿ ಖಾಲಿ ಮಾಡಿ, ತುಂಬಿಸಿ, ಒಂದು ಸಲ ಬರೀ ನೀರಲ್ಲಿ ಓಡಿಸಿ ಪುನಃ ಖಾಲಿ ಮಾಡಿ. ಆ ನೀರನ್ನು ತೆಂಗಿನ ಬುಡಕ್ಕೂ ಬಾವಿ ಹತ್ರಕ್ಕೂ ಬಿಡ್ಬೇಡಿ.

ಆಮೇಲೆ ಹೊಸ ನೀರಿಗೆ ಲಿಕ್ವಿಡ್ ಸೋಡಿಯಂ ಹೈಪೋಕ್ಲೋರೈಟ್. 10 ಪರ್ಸೆಂಟಿಂದು ಹೊಸತು ಆದ್ರೆ ನಿಮ್ಮ 1200 ಲೀಟರಿಗೆ 12 ಎಂಎಲ್ ಹಾಕಿದ್ರೆ ಕ್ಲೋರಿನ್ 1 ಪಿಪಿಎಂ (ಲೀಟರಿಗೆ 1 ಮಿಲಿಗ್ರಾಂ) ಏರ್ತದೆ, 120 ಎಂಎಲ್ ಹಾಕಿದ್ರೆ 10. ಹತ್ತಕ್ಕೆ ಏರಿಸಿ ರಾತ್ರಿಯಿಡೀ ಪಂಪ್ ಓಡ್ಲಿ, ಮಧ್ಯೆ ಟೆಸ್ಟ್ ಮಾಡಿ, ಇಳಿದ್ರೆ ಪುನಃ ಹಾಕಿ. ಬೆಳಿಗ್ಗೆಯೂ ಕ್ಲೋರಿನ್ ಹೆಚ್ಚು ಕಮ್ಮಿ ಹಾಗೇ ಉಳಿದ್ರೆ ಪೈಪ್ ಕ್ಲೀನ್ ಆಗಿದೆ ಅಂತ ಲೆಕ್ಕ, ಅರ್ಧಕ್ಕಿಂತ ಕೆಳಗೆ ಬಿದ್ರೆ ಒಳಗೆ ಇನ್ನೂ ಉಂಟು, ಫ್ಲಶ್ ಇನ್ನೊಂದು ಸಲ ಮಾಡ್ಬೇಕಾಗ್ತದೆ. ನಮ್ಮ ಸೆಕೆಗೆ ಲಿಕ್ವಿಡ್ ಕ್ಯಾನ್ ಬೇಗ ವೀಕ್ ಆಗ್ತದೆ, ದೊಡ್ಡ ಕ್ಯಾನ್ ತಂದಿಟ್ಕೊಳ್ಬೇಡಿ.

ಈ ಫಿಲ್ಟರ್ ಬಿಸಾಡಿ. ಪ್ರೆಶರ್ ವಾಷರ್ ಹೊಡೆದ್ರೆ ಅದ್ರ ಬಟ್ಟೆಯ ನೂಲು ಬಿಟ್ಟು ಹೋಗ್ತದೆ. ಹೊಸತು ಎರಡು ತಗೊಳ್ಳಿ, ಒಂದು ಟಬ್‌ನಲ್ಲಿ ಇದ್ದಾಗ ಇನ್ನೊಂದನ್ನು ಫಿಲ್ಟರ್ ಕ್ಲೀನರಲ್ಲಿ ರಾತ್ರಿ ನೆನೆಸಿ, ಬೆಳಿಗ್ಗೆ ಮಡಿಕೆ ಮಡಿಕೆಗೆ ಸಾದಾ ಹೋಸ್ ಹಿಡಿದು ತೊಳೆದು, ಬಿಸಿಲಲ್ಲಿ ಪೂರಾ ಒಣಗಿಸಿ. ಕ್ಲೀನರ್ ಸಿಗದಿದ್ರೆ ಬೆಚ್ಚಗಿನ ನೀರಿಗೆ ವಾಷಿಂಗ್ ಸೋಡಾ ಹಾಕಿ ನೆನೆಸಿ. ಪಾತ್ರೆ ಸೋಪು ಮಾತ್ರ ಬೇಡ, ಅದು ಒಳಗೆ ಉಳಿದು ಮತ್ತೆ ನೊರೆ ಆಗ್ತದೆ. ಆಸಿಡ್ ಹಾಕಿ ತೊಳಿಲಿಕ್ಕೂ ಹೊರಡ್ಬೇಡಿ, ಎಣ್ಣೆ ಪಸೆ ಹೋಗುವ ಮೊದ್ಲು ಆಸಿಡ್ ಬಿದ್ರೆ ಎಣ್ಣೆ ಮಡಿಕೆಯಲ್ಲೇ ಗಟ್ಟಿ ಆಗ್ತದೆ, ಮತ್ತೆ ಆಸಿಡ್ ಕ್ಲೋರಿನ್‌ಗೆ ಸೇರಿದ್ರೆ ಬರುವ ಗ್ಯಾಸ್ ಶ್ವಾಸಕ್ಕೇ ಹೊಡಿತದೆ.

ಮಣಿಪಾಲ_ಮೈಕ್ರೋ

ಟಬ್ ಬಂದ್ ಮಾಡಿದ್ದು ತುಂಬ ಒಳ್ಳೇದಾಯ್ತು ಅಣ್ಣ. ನಾನು ಲ್ಯಾಬಲ್ಲಿ ಇರುವವಳು. ನೋಡದೆ ಖಂಡಿತ ಹೇಳ್ಲಿಕ್ಕಾಗುದಿಲ್ಲ, ಆದ್ರೆ ಚಡ್ಡಿ ಮುಚ್ಚಿದ ಜಾಗದಲ್ಲೇ ಗುಳ್ಳೆ ಅಂದ್ರೆ ಸಾಮಾನ್ಯ ಸ್ಯೂಡೋಮೊನಾಸ್ ಅನ್ನುವ ಬ್ಯಾಕ್ಟೀರಿಯಾದ್ದು, ಒದ್ದೆ ಬಟ್ಟೆ ಆ ನೀರನ್ನು ಚರ್ಮಕ್ಕೆ ಹಿಡಿದಿಡ್ತದೆ, ರೋಮದ ಬುಡದಲ್ಲಿ ಸೋಂಕು ಆಗ್ತದೆ. ಹೆಚ್ಚಿನವ್ರಿಗೆ ಕೆಲವು ದಿನದಲ್ಲಿ ತನ್ನಿಂದ ತಾನೇ ಹೋಗ್ತದೆ. ಆ ಫ್ಯಾಮಿಲಿಗೆ ಒಂದು ಫೋನ್ ಮಾಡಿ, ಕಮ್ಮಿ ಆಗದಿದ್ರೆ, ಜ್ವರ ಬಂದ್ರೆ ಡಾಕ್ಟ್ರಿಗೆ ತೋರಿಸಿ, ಹಾಟ್ ಟಬ್‌ನಲ್ಲಿ ಕೂತದ್ದನ್ನು ಅವ್ರಿಗೆ ಹೇಳಿ ಅಂತ ತಿಳಿಸಿ. ಡಾಕ್ಟ್ರಿಗೆ ಆ ಒಂದು ಮಾತು ತುಂಬ ಸಹಾಯ.

ನಂಗೆ ಜಾಸ್ತಿ ಹೆದ್ರಿಕೆ ಇರುದು ಲೀಜನೆಲ್ಲಾ ಅನ್ನುವ ಇನ್ನೊಂದು ಬ್ಯಾಕ್ಟೀರಿಯಾದ್ದು. ಅದು 25ರಿಂದ 45 ಡಿಗ್ರಿ ನೀರಲ್ಲಿ ಚೆನ್ನಾಗಿ ಬೆಳಿತದೆ, ನಿಮ್ಮ ಟಬ್ 38-40ರಲ್ಲಿ ಇರ್ತದೆ. ಇರುದು ಈ ಲೋಳೆಯ ಒಳಗೇ. ನೀರು ಕುಡಿದ್ರೆ ಅಂತ ಅಲ್ಲ, ಜೆಟ್ಟಿಂದ ಏಳುವ ಸಣ್ಣ ಹನಿ ಉಸಿರಲ್ಲಿ ಒಳಗೆ ಹೋದ್ರೆ ನ್ಯುಮೋನಿಯಾ. ನೆದರ್‌ಲ್ಯಾಂಡ್ಸ್‌ನಲ್ಲಿ 1999ರಲ್ಲಿ ಒಂದು ಹೂವಿನ ಪ್ರದರ್ಶನದಲ್ಲಿ ಜನಕ್ಕೆ ತೋರಿಸ್ಲಿಕ್ಕೆ ಇಟ್ಟ ಹಾಟ್ ಟಬ್‌ನಿಂದ 300ಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದು 30ಕ್ಕೂ ಹೆಚ್ಚು ಜನ ತೀರಿಹೋದ್ರು, ಅದ್ರ ಬದಿಯಲ್ಲಿ ನಡೆದುಹೋದವ್ರಿಗೂ ತಾಗಿತ್ತು. ಆದ್ರಿಂದ ಪೈಪ್ ಫ್ಲಶ್ ಮಾಡುವಾಗ ನೀವೂ ಎನ್95 ಮಾಸ್ಕ್ ಹಾಕ್ಕೊಳ್ಳಿ, ಗ್ಲೌಸ್ ಹಾಕ್ಕೊಳ್ಳಿ, ಮನೆಯ ಹಿರಿಯರನ್ನು, ದಮ್ಮು ಇದ್ದವ್ರನ್ನು ಹತ್ರ ನಿಲ್ಲಿಸ್ಬೇಡಿ.

ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ ಹೇಳುದು ಹಾಟ್ ಟಬ್‌ಗೆ ಫ್ರೀ ಕ್ಲೋರಿನ್ (ಖರ್ಚಾಗದೆ ಕೆಲಸಕ್ಕೆ ಉಳಿದ ಕ್ಲೋರಿನ್) ಕನಿಷ್ಠ 3 ಪಿಪಿಎಂ, ಪಿಎಚ್ (ನೀರಿನ ಹುಳಿ-ಕ್ಷಾರದ ಅಳತೆ) 7.0ರಿಂದ 7.8. ವಾರಕ್ಕೆ ಎರಡು ಸಲ ಹಾಕಿದ್ರೆ ಅದು ನಿಲ್ಲುದಿಲ್ಲ, ಬಿಸಿನೀರಲ್ಲಿ, ಗುಳ್ಳೆ ಬರುವಲ್ಲಿ ಕ್ಲೋರಿನ್ ಬೇಗ ಹಾರಿಹೋಗ್ತದೆ. ಗೆಸ್ಟ್ ಇದ್ದ ದಿನ ಕೂರುವ ಮೊದ್ಲು ಒಮ್ಮೆ, ಎದ್ದ ಮೇಲೆ ಒಮ್ಮೆ ಟೆಸ್ಟ್ ಮಾಡ್ಲೇಬೇಕು.

ಬಲ್ಮಠ_ಅಕ್ಕ

ನಮ್ಮಲ್ಲಿ ಇರುದು ಬಚ್ಚಲಲ್ಲಿ ಇಡುವ ಜೆಟ್ ಇರುವ ಬಾತ್‌ಟಬ್, ಫಿಲ್ಟರ್ ಇಲ್ಲ, ಆದ್ರೂ ಇದೇ ಕಥೆ, ಮಗಳು ಊರಿಗೆ ಬಂದಾಗ ಮಾತ್ರ ಬಳಸುದು, ಪ್ರತಿ ಸಲ ಮೊದ್ಲ ನೀರಲ್ಲಿ ಕಪ್ಪು ಚೂರು. ಒಂದು ಮಾತು ಯಾರೂ ಹೇಳ್ಲಿಲ್ಲ ಅಂತ ಬರಿತೇನೆ. ಎಣ್ಣೆ. ನಮ್ಮವ್ರು ತಲೆಗೆ ತೆಂಗಿನೆಣ್ಣೆ ಹಾಕದೆ ಇರುದಿಲ್ಲ, ಗೆಸ್ಟ್ ಬೀಚಿಂದ ಸನ್‌ಸ್ಕ್ರೀನ್ ಬಳಿದುಕೊಂಡೇ ಬರ್ತಾರೆ, ಅದೆಲ್ಲ ಪೈಪಿನ ಒಳಗೆ ಅಂಟಿದ್ರೆ ಲೋಳೆಗೆ ಅದೇ ಊಟ. ನಾನು ಟಬ್‌ಗೆ ಇಳಿಯುವ ಮೊದ್ಲು ಸೋಪು ಹಾಕಿ ಸ್ನಾನ ಕಡ್ಡಾಯ ಮಾಡಿದ ಮೇಲೆ ಅರ್ಧ ಕಮ್ಮಿ ಆಯ್ತು. ನೀವು ಹೊರಗೆ ಒಂದು ಶವರ್ ಹಾಕಿಸಿ ಮಾರಾಯ್ರೆ, ಹೊಯ್ಗೆಯೂ ಅಲ್ಲೇ ಉಳಿತದೆ. ಎಣ್ಣೆ ತಲೆಯವ್ರಿಗೆ ಕೂದಲು ಮೇಲೆ ಕಟ್ಟಿ ಅಂತ ಹೇಳ್ಲಿಕ್ಕೆ ಸಂಕೋಚ ಮಾಡ್ಬೇಡಿ.

ಕಾಪು_ಹೋಂಸ್ಟೇ

ಎಲ್ಲರಿಗೂ ತುಂಬ ಉಪಕಾರ ಆಯ್ತು. ಆ ಫ್ಯಾಮಿಲಿಗೆ ಫೋನ್ ಮಾಡಿದೆ, ಹುಡುಗನಿಗೆ ಕಮ್ಮಿ ಆಗಿದೆ, ದೇವ್ರು ದೊಡ್ಡವ. ಪಂಪ್‌ರೂಮ್ ಅಣ್ಣ, ಚಾದ ಬಣ್ಣದ್ದು ಎಂತದು? ಟಿಸಿಸಿಎ ಮುಂದೆ ಹಾಕ್ಬಹುದಾ?

ಸುರತ್ಕಲ್_ಪಂಪ್‌ರೂಮ್

ಅದು ಕಬ್ಬಿಣ. ನಮ್ಮ ಮುರಕಲ್ಲು ನೆಲದ ಬೋರ್ ನೀರಲ್ಲಿ ಕರಗಿದ ಕಬ್ಬಿಣ ಇರ್ತದೆ, ಕಣ್ಣಿಗೆ ಕಾಣುದಿಲ್ಲ, ಕ್ಲೋರಿನ್ ಬಿದ್ದ ಕೂಡ್ಲೆ ತುಕ್ಕಾಗಿ ಬಣ್ಣ ಬರ್ತದೆ. ಟ್ಯಾಂಕಿನ ಒಳಗೆ ಕೈ ಹಾಕಿ ನೋಡಿ, ಗೋಡೆಯಲ್ಲಿ ಕೆಂಪು ಲೋಳೆ ಇದ್ರೆ ಅದು ಕಬ್ಬಿಣ ತಿನ್ನುವ ಬ್ಯಾಕ್ಟೀರಿಯಾ, ಅಲ್ಲಿಂದಲೇ ಟಬ್‌ಗೆ ಬೀಜ ಹೋಗ್ತಾ ಇರ್ತದೆ. ಟ್ಯಾಂಕ್ ಉಜ್ಜಿಸಿ. ಟಬ್ ತುಂಬಿಸುವ ನೀರನ್ನು ಬೇರೆ ಡ್ರಮ್ಮಲ್ಲಿ ಕ್ಲೋರಿನ್ ಹಾಕಿ ಒಂದು ರಾತ್ರಿ ನಿಲ್ಲಿಸಿ, ತಳದ್ದು ಕದಡದೆ ಮೇಲಿನ ನೀರನ್ನು ಮಾತ್ರ ತಗೊಳ್ಳಿ.

ಟಿಸಿಸಿಎ ಬಿಡಿ. ಅದು ಹುಳಿ, ನಮ್ಮ ನೀರು ಮೊದ್ಲೇ ಹುಳಿ ಇರುದು ಜಾಸ್ತಿ, ಎರಡೂ ಸೇರಿ ಪಿಎಚ್ ಕೆಳಗೆ ಹೋಗಿ ಹೀಟರ್ ತಿಂತದೆ. ಮೇಲಿಂದ ಅದ್ರಲ್ಲಿ ಸಯನ್ಯೂರಿಕ್ ಆಸಿಡ್ ಉಂಟು, ಅದು ನೀರಲ್ಲಿ ಸೇರ್ತಾ ಹೋದ ಹಾಗೆ ಕ್ಲೋರಿನ್ನಿನ ಕೆಲಸ ನಿಧಾನ ಆಗ್ತದೆ. ಆಲ್ಕಲಿನಿಟಿ (ಪಿಎಚ್ ಏರಿಳಿಯದ ಹಾಗೆ ಹಿಡಿದಿಡುವ ನೀರಿನ ಗುಣ) ಕಮ್ಮಿ ಇದ್ರೆ ಅಡುಗೆ ಸೋಡಾ ಸಾಕು, ನಿಮ್ಮ ಟಬ್‌ಗೆ 20 ಗ್ರಾಂ ಹಾಕಿದ್ರೆ 10 ಪಿಪಿಎಂ ಏರ್ತದೆ. ಒಂದು 80ರ ಹತ್ರ ತನ್ನಿ.

ಕಾಪು_ಹೋಂಸ್ಟೇ

ಎರಡು ವಾರ ಬಿಟ್ಟು ಬರಿತಾ ಇದ್ದೇನೆ. ಮೊದ್ಲ ಫ್ಲಶ್‌ನಲ್ಲಿ ಬಂದದ್ದು ನೋಡಿ ಹೆಂಡತಿ ಮೂಗು ಮುಚ್ಚಿಕೊಂಡು ಒಳಗೆ ಹೋದ್ಲು, ಒಂದು ಬಕೆಟ್ ತುಂಬ ಕಂದು ನೊರೆ, ಅದ್ರಲ್ಲೂ ಬ್ಲೋವರ್ ಆನ್ ಮಾಡಿದಾಗ ಬಂದದ್ದೇ ಹೆಚ್ಚು, ನಾನು ಇಷ್ಟು ದಿನ ಬ್ಲೋವರ್ ಮುಟ್ಟಿರ್ಲೇ ಇಲ್ಲ. ರಾತ್ರಿ ಕ್ಲೋರಿನ್ 10 ಇದ್ದದ್ದು ಬೆಳಿಗ್ಗೆ 2. ಎರಡನೇ ಫ್ಲಶ್ ಆದ ಮೇಲೆ ಬೆಳಿಗ್ಗೆ 8 ಸಿಕ್ಕಿತು. ಟ್ಯಾಂಕಲ್ಲಿ ಕೆಂಪು ಲೋಳೆ ಇತ್ತು, ನೀವು ಹೇಳಿದ ಹಾಗೇ. ಈಗ ಹನ್ನೊಂದು ದಿನ ಆಯ್ತು, ಚೂರಿಲ್ಲ, ನೊರೆ ಇಲ್ಲ, ದಿನಕ್ಕೆ ಎರಡು ಸಲ ಟೆಸ್ಟ್ ಮಾಡಿ ಪುಸ್ತಕದಲ್ಲಿ ಬರೆದಿಡ್ತೇನೆ. ಶವರ್‌ಗೆ ಪೈಪ್ ಎಳೆದಾಯ್ತು. ಬರುವ ಜೂನಲ್ಲಿ ಎಂತ ಮಾಡುದು, ಖಾಲಿ ಮಾಡುದಾ ಬೇಡ್ವಾ?

ಸುರತ್ಕಲ್_ಪಂಪ್‌ರೂಮ್

ಕರೆಂಟ್ ಸರಿ ಇದ್ರೆ ಖಾಲಿ ಮಾಡ್ಬೇಡಿ, ಹೀಟರ್ ಆಫ್ ಮಾಡಿ, ಪಂಪ್ ದಿನಾ ಓಡ್ಲಿ, ಕ್ಲೋರಿನ್ 3ರ ಕೆಳಗೆ ಇಳಿಯದ ಹಾಗೆ ನೋಡ್ಕೊಳ್ಳಿ. ಗಾಳಿ ಮಳೆಗೆ ಎರಡು ದಿನ ಕರೆಂಟ್ ಹೋದ್ರೆ ಬಂದ ಕೂಡ್ಲೆ 10ಕ್ಕೆ ಏರಿಸಿ. ಖಾಲಿಯೇ ಮಾಡ್ತೀರಿ ಅಂತಾದ್ರೆ ಲೈನ್ ಫ್ಲಶ್ ಮಾಡಿ ಆಮೇಲೆ ಖಾಲಿ ಮಾಡಿ, ವೆಟ್ ವ್ಯಾಕ್ಯೂಮಿಂದ ಒಂದೊಂದು ಜೆಟ್ಟಿನ ಬಾಯಿಂದಲೂ ನೀರು ಎಳೆದು, ಪಂಪಿನ ಡ್ರೈನ್ ಬಿರಡೆ ತೆಗೆದಿಡಿ, ಮುಚ್ಚಳದ ಕೆಳಗೆ ಎರಡು ಮರದ ತುಂಡು ಇಟ್ಟು ಗಾಳಿ ಆಡ್ಲಿಕ್ಕೆ ಬಿಡಿ.